ಕಾರಣವೂ ಕರ್ತೃವೂ

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಇಕ್ಕಟ್ಟಾದ ಕೋಣೆಯೊಂದರಲ್ಲಿ, ಹಾಲಿನ ಸೀಸೆಗಳೊಳಗೆ ಹಣ್ಣುನೊಣಗಳನ್ನು ಸಾಕುತ್ತಿದ್ದ ಥಾಮಸ್ ಹಂಟ್ ಮಾರ್ಗನ್ನನಿಗೆ, ಕೆಂಗಣ್ಣಿನ ಅಸಂಖ್ಯ ನೊಣಗಳ ನಡುವೆ ಬಿಳಿಯ ಕಣ್ಣಿನದೊಂದು ಗಂಡುನೊಣ ಕಾಣಿಸಿತು. ಅದರ ಸಂತತಿಯನ್ನು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸಿದ ಆತನು, ಈ ವೈಲಕ್ಷಣ್ಯದ ಬೀಜವು ಲಿಂಗವನ್ನು ನಿರ್ಣಯಿಸುವ ವರ್ಣತಂತುವಿನ ಜೊತೆಯಲ್ಲಿಯೇ ಸಾಗುವುದೆಂದು ತೋರಿಸಿ, ಅದುವರೆಗೆ ಬಹುಮಟ್ಟಿಗೆ ಲೆಕ್ಕಾಚಾರದ ಊಹೆಯಾಗಿದ್ದ ವಂಶವಾಹಿಗೆ ದೇಹದೊಳಗೊಂದು ನೆಲೆಯನ್ನು ಗುರುತಿಸಿಕೊಟ್ಟನು. ಆ ವಂಶವಾಹಿಗೆ ಇಂದಿಗೂ ‘ಬಿಳಿ’ ಎಂದೇ ಹೆಸರು. ಅದು ನೆಟ್ಟಗಿರುವಷ್ಟು ಕಾಲವೂ ನೊಣದ ಕಣ್ಣು ಕೆಂಪಗೇ ಇರುತ್ತದೆ. ಕೆಟ್ಟಾಗಲೇ ಅದು ನಮ್ಮ ಗಮನಕ್ಕೆ ಬಂದದ್ದು.

ಹಾಗಾದರೆ ಅದನ್ನು ಕೆಂಪಿನ ಕಾರಣವೆನ್ನೋಣವೇ? ನಮ್ಮ ನೈಯಾಯಿಕರು ಕಾರ್ಯಕಾರಣ ಸಂಬಂಧಕ್ಕೆ ಅನ್ವಯ, ವ್ಯತಿರೇಕಗಳೆರಡನ್ನೂ ಕೇಳುತ್ತಿದ್ದರು: ಇದಿದ್ದರೆ ಅದುಂಟು, ಇದಿಲ್ಲದಿದ್ದರೆ ಅದಿಲ್ಲ. ಇಷ್ಟರಿಂದಲೂ ತೃಪ್ತರಾಗದೆ, ಗಡಿಗೆಗೆ ಮಣ್ಣು, ಚಕ್ರ, ದಂಡ, ಕುಂಬಾರ ಇವು ಕಾರಣಗಳಾಗಬಹುದೇ ಹೊರತು, ಮಣ್ಣನ್ನು ಹೊತ್ತು ತಂದ ಕತ್ತೆಯು ಕಾರಣವಾಗದೆಂದು ಅದನ್ನು ‘ಅನ್ಯಥಾಸಿದ್ಧ’ವೆಂದು ಹೊರಗಟ್ಟಿದರು. ‘ಬಿಳಿ’ ವಂಶವಾಹಿಯಿಂದ ಹುಟ್ಟುವ ಪ್ರೋಟೀನು ಬಣ್ಣವನ್ನು ತಯಾರಿಸುವುದಿಲ್ಲ. ಬಣ್ಣಕ್ಕೆ ಬೇಕಾದ ಮೂಲದ್ರವ್ಯಗಳನ್ನು ಕಣ್ಣಿನ ಕೋಶದೊಳಗೆ ಸಾಗಿಸುವುದಷ್ಟೇ ಅದರ ಕೆಲಸ. ನೊಣದ ಕಣ್ಣಿನಲ್ಲಿ ಬದಲಿ ಕತ್ತೆಯಿಲ್ಲ, ಆದಕಾರಣ ಇದು ಬಾರದ ದಿನ ಗಡಿಗೆಯೂ ಇಲ್ಲ. ಈ ಮಟ್ಟಿಗೆ ನೈಯಾಯಿಕರೂ ಪಾಪದ ಪ್ರಾಣಿಯನ್ನು ಕಾರಣಸಾಮಗ್ರಿಯೊಳಗೆ ಸೇರಿಸಿಕೊಂಡಾರು. ಆದರೆ ಅದನ್ನೇ ಕುಂಬಾರನೆಂದು ಕರೆದು ಹಾರ ಹಾಕಲು ಒಪ್ಪಲಾರರು. ಬುದ್ಧಿಯ ವಂಶವಾಹಿ, ಕೋಪದ ವಂಶವಾಹಿ, ಸ್ಥೂಲಕಾಯದ ವಂಶವಾಹಿ ಎಂದು ವೃತ್ತಪತ್ರಿಕೆಗಳು ಆಗಾಗ ಹಾಕುವ ಹಾರಗಳು ಬಹುಪಾಲು ಈ ಬಗೆಯವೇ.

ಇದಕ್ಕೊಂದು ಬಲವಾದ ಆಕ್ಷೇಪವುಂಟು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ವಾಲ್ಟರ್ ಗೇರಿಂಗ್ ಮತ್ತು ಆತನ ಸಹೋದ್ಯೋಗಿಗಳು ಅನ್ವಯವನ್ನೂ ಮಾಡಿ ತೋರಿಸಿದರು. ಕೆಟ್ಟರೆ ನೊಣಕ್ಕೆ ಕಣ್ಣು ಬಾರದಂತಾಗುವ, ಆ ಕಾರಣದಿಂದ ‘ಕಣ್ಣಿಲ್ಲದ್ದು’ ಎಂಬ ಹೆಸರು ಹೊತ್ತಿರುವ ವಂಶವಾಹಿಯನ್ನು ಅವರು ಮರಿಹುಳುವಿನ ದೇಹದಲ್ಲಿ ಅದು ಸುಮ್ಮನಿರಬೇಕಾದ ಎಡೆಗಳಲ್ಲಿ ಎಚ್ಚರಗೊಳಿಸಲಾಗಿ, ಬೆಳೆದ ನೊಣದ ಕಾಲಿನ ಮೇಲೆ, ರೆಕ್ಕೆಯ ಮೇಲೆ, ಮೀಸೆಯ ಮೇಲೆ ಕೆಂಪು ಕಣ್ಣುಗಳು ಮೂಡಿದುವು. ಇದಕ್ಕಿಂತ ಮಿಗಿಲಾದ ಕರ್ತೃತ್ವವು ಬೇರೆ ಯಾವುದಿದ್ದೀತು? ಆದರೆ ಅದೇ ಪ್ರಯೋಗದ ಇನ್ನೊಂದು ಭಾಗವನ್ನು ಗಮನಿಸಬೇಕು. ಅದೇ ಕುಲಕ್ಕೆ ಸೇರಿದ ಇಲಿಯ ವಂಶವಾಹಿಯನ್ನು ನೊಣದೊಳಗಿಟ್ಟು ನೋಡಿದರು. ಕಣ್ಣು ಆಗಲೂ ಮೂಡಿತು, ಆದರೆ ಅದು ಇಲಿಯ ಕಣ್ಣಲ್ಲ, ನೂರಾರು ಮುಖಗಳುಳ್ಳ ನೊಣದ ಸಂಯುಕ್ತಾಕ್ಷಿ. ಅಪ್ಪಣೆಯನ್ನು ಇಲಿಯ ವಂಶವಾಹಿ ಕೊಟ್ಟಿರಬಹುದು. ಕಣ್ಣೆಂದರೇನೆಂಬುದನ್ನು ತಿಳಿದಿದ್ದದ್ದು ನೊಣದ ದೇಹ. ಆ ದೇಹದಲ್ಲಿಯೂ ಎಲ್ಲ ಅಂಗಾಂಶಗಳು ಆ ಅಪ್ಪಣೆಗೆ ಓಗೊಡಲಿಲ್ಲ, ಕೆಲವು ಮಾತ್ರವೇ ಓಗೊಟ್ಟುವು. ನನಗೆ ಈ ಪ್ರಯೋಗವು ವಂಶವಾಹಿಯ ಪ್ರಭುತ್ವಕ್ಕಿಂತ ಅದರ ಪರಾಧೀನತೆಯನ್ನೇ ಹೆಚ್ಚು ಸ್ಫುಟವಾಗಿ ಸಾರುವಂತೆ ತೋರುತ್ತದೆ.

ವಂಶವಾಹಿಯ ದ್ರವ್ಯವಾದ ಡಿಎನ್‌ಎಯನ್ನು ಶುದ್ಧಗೊಳಿಸಿ ಗಾಜಿನ ನಳಿಕೆಯಲ್ಲಿಟ್ಟರೆ ಅದು ವರ್ಷಗಟ್ಟಲೆ ತೆಪ್ಪಗಿರುತ್ತದೆ. ಓದುವ, ನಕಲಿಸುವ, ತಿದ್ದುವ, ತಡೆಯುವ ಕೆಲಸಗಳೆಲ್ಲ ಅದರ ಸುತ್ತ ನೆರೆದ ಪ್ರೋಟೀನುಗಳವು. ಹಾಗೆಂದು ವಂಶವಾಹಿಯು ಬರಿಯ ಸಾಕ್ಷಿಯೆಂದೂ ಹೇಳಕೂಡದು. ಹಂಟಿಂಗ್‌ಟನ್ ರೋಗದ ವಂಶವಾಹಿಯಲ್ಲಿ ಮೂರಕ್ಷರದ ಒಂದು ಪದವು 40 ಬಾರಿಯೋ ಅದಕ್ಕೂ ಹೆಚ್ಚು ಬಾರಿಯೋ ಪುನರುಕ್ತವಾಗಿದ್ದರೆ, ಆಯುಸ್ಸು ಸಾಕಷ್ಟಿದ್ದವನಿಗೆ ಆ ವ್ಯಾಧಿ ತಪ್ಪಿದ್ದಲ್ಲ. ಅಲ್ಲಿ ಉಳಿದ ಕಾರಣಗಳು ಎಲ್ಲ ದೇಹಗಳಲ್ಲಿಯೂ ಸದಾ ಸಿದ್ಧವಾಗಿಯೇ ಇರುವುದರಿಂದ ವಂಶವಾಹಿಯೊಂದೇ ಸಾಕೆಂಬ ಪ್ರತೀತಿ ಉಂಟಾಗುತ್ತದೆ. ಆದರೆ 1934ರಲ್ಲಿ ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ ಗುರುತಿಸಿದ ಫಿನೈಲ್‌ಕೀಟೋನ್ಯೂರಿಯದ ಮಾತು ಬೇರೆ. ಆಹಾರದಲ್ಲಿನ ಫಿನೈಲ್‌ಅಲನೀನನ್ನು ಅರಗಿಸಲಾರದ ಆ ಶಿಶುವಿಗೆ ಎಲ್ಲರಂತೆ ಉಣಿಸಿದರೆ ಮೆದುಳು ಕುಂದುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಹಚ್ಚಿ ಆಹಾರವನ್ನು ಬದಲಿಸಿ, ಆ ಪಥ್ಯವನ್ನು ಮುಂದೆಯೂ ನಡೆಸಿಕೊಂಡು ಹೋದರೆ ಮಗು ಇತರ ಮಕ್ಕಳಂತೆ ಬೆಳೆದು ಶಾಲೆಗೆ ಹೋಗುತ್ತದೆ. ವಂಶವಾಹಿ ಎರಡೂ ಬಾಳಿನಲ್ಲಿ ಒಂದೇ.

ಇದು ಬರಿಯ ತರ್ಕವಿನೋದವಲ್ಲವೆಂಬುದಕ್ಕೆ ಕುಡುಗೋಲು ಕಣ ರೋಗದ ವೃತ್ತಾಂತವು ಸಾಕ್ಷಿ. ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲಿಯೇ ಇದರ ಲಕ್ಷಣ ಕಂಡುಬಂದಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದುಂಟು. ಡಿಎನ್‌ಎಯಲ್ಲಿ ‘ಎ’ ಇರಬೇಕಾದ ಎಡೆಯೊಂದರಲ್ಲಿ ‘ಟಿ’ ಬಂದು ಕುಳಿತದ್ದರಿಂದ, ಹಿಮೋಗ್ಲೋಬಿನ್ನಿನ 146 ಘಟಕಗಳ ಒಂದು ಸರಣಿಯಲ್ಲಿ ಆರನೆಯದು ಬದಲಾಗುತ್ತದೆ. ಈ ಅಕ್ಷರವು ತಂದೆತಾಯಿಗಳಿಬ್ಬರಿಂದಲೂ ಬಂದರೆ ಪ್ರಾಣಾಂತಿಕವಾದ ನೋವು. ಒಬ್ಬರಿಂದ ಮಾತ್ರ ಬಂದರೆ, 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿದಂತೆ, ಮಲೇರಿಯದಿಂದ ರಕ್ಷಣೆ. ಹಾಗಾದರೆ ಈ ವಂಶವಾಹಿ ಕೆಟ್ಟದ್ದೋ ಒಳ್ಳೆಯದೋ? ಸೊಳ್ಳೆಯನ್ನು ಹೊರಗಿಟ್ಟು ಈ ಪ್ರಶ್ನೆಗೆ ಉತ್ತರವಿಲ್ಲ. ರೋಗಿಯಲ್ಲಿಯೂ ಆ ಅಕ್ಷರ ದಿನವೂ ಇದ್ದೇ ಇರುತ್ತದೆ, ಆದರೆ ನೋವು ದಿನವೂ ಇರುವುದಿಲ್ಲ: ನೀರು ಸಾಲದಾದಾಗ, ಚಳಿ ಹೊಡೆದಾಗ, ಜ್ವರ ಬಂದಾಗ ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಹುರಿಗಟ್ಟಿ, ಕೆಂಪು ಕಣಗಳು ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಕ್ರಿಸ್ಪರ್ ವಿಧಾನದಿಂದ ವಂಶವಾಹಿಯನ್ನು ಕತ್ತರಿಸುವ ಮೊದಲ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಅನುಮತಿಯಿತ್ತದ್ದು ಈ ರೋಗಕ್ಕಾಗಿಯೇ. ಕೆಟ್ಟ ಅಕ್ಷರವನ್ನು ತಿದ್ದಿರಬೇಕೆಂದು ಯಾರಾದರೂ ಊಹಿಸಿಯಾರು. ಅದರ ಗೊಡವೆಗೇ ಚಿಕಿತ್ಸೆಯನ್ನು ರೂಪಿಸಿದವರು ಹೋಗಲಿಲ್ಲ. ರೋಗವನ್ನು ಹೊತ್ತು ಹುಟ್ಟಿದ ಶಿಶುಗಳೂ ಮೊದಲ ಕೆಲವು ತಿಂಗಳು ಸುಖವಾಗಿರುವುದನ್ನು ಕಂಡ ಜಾನೆಟ್ ವಾಟ್ಸನ್, ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ಉಳಿದಿರುವುದೇ ಇದಕ್ಕೆ ಹೇತುವೆಂದು 1948ರಲ್ಲಿಯೇ ಸೂಚಿಸಿದ್ದಳು. ಆ ಭ್ರೂಣಕಾಲದ ಹಿಮೋಗ್ಲೋಬಿನ್ನನ್ನು ಮುಂದೆ ಅಡಗಿಸುವ ವಂಶವಾಹಿ ಬೇರೊಂದು. ಅಸ್ಥಿಮಜ್ಜೆಯ ಮೂಲಕೋಶಗಳಲ್ಲಿ ಅದರ ಹಿಡಿತವನ್ನು ಕತ್ತರಿಸಿದರೆ ಶೈಶವದ ರಕ್ತ ಮರಳಿ ಹರಿಯುತ್ತದೆ, ದೋಷಿಯು ಇದ್ದಲ್ಲಿಯೇ ಇದ್ದು ನಿರುಪದ್ರವಿಯಾಗುತ್ತಾನೆ. ವಂಶವಾಹಿಯೇ ಕರ್ತೃವೆಂಬ ನಂಬಿಕೆಯೊಂದನ್ನೇ ಹಿಡಿದು ನಡೆದಿದ್ದವರಿಗೆ ಈ ದಾರಿ ಹೊಳೆಯುತ್ತಿತ್ತೆಂದು ನನಗೆ ತೋರದು. ಅಮೆರಿಕದಲ್ಲಿ ಈ ಚಿಕಿತ್ಸೆಗೆ 2023ರಲ್ಲಿ ಗೊತ್ತುಪಡಿಸಿದ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರು. ಅದೇ ಭ್ರೂಣಕಾಲದ ಹಿಮೋಗ್ಲೋಬಿನ್ನನ್ನು, ಅಷ್ಟು ಸಮೃದ್ಧವಾಗಿ ಅಲ್ಲದಿದ್ದರೂ, ದಿನನಿತ್ಯ ನುಂಗುವ ಹೈಡ್ರಾಕ್ಸಿಯೂರಿಯ ಎಂಬ ಹಳೆಯ, ಅಗ್ಗದ ಗುಳಿಗೆಯೂ ಹೆಚ್ಚಿಸುತ್ತದೆ, ಮತ್ತು ಅದಕ್ಕೆ ಯಾವ ವಂಶವಾಹಿಯನ್ನೂ ಕತ್ತರಿಸಬೇಕಾಗಿಲ್ಲ.