ಫಿರೋಜ್ ಷಾ, ಬಂದೇನವಾಜ್: ಲೆಕ್ಕ ಮತ್ತು ಅನುಭಾವ

ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಜ್ ಷಾ 1397ರಿಂದ 1422ರವರೆಗೆ ಕಲಬುರಗಿಯಿಂದ ರಾಜ್ಯವಾಳಿದ. ರೇಖಾಗಣಿತ, ಖಗೋಳ, ತರ್ಕಗಳಲ್ಲಿ ಪಳಗಿದ್ದ ಈ ದೊರೆ ಶನಿವಾರ, ಸೋಮವಾರ, ಗುರುವಾರ ತಾನೇ ಪಾಠ ಹೇಳುತ್ತಿದ್ದನೆಂದೂ, ಹಗಲು ರಾಜಕಾರ್ಯವಿದ್ದರೆ ಪಾಠ ರಾತ್ರಿ ನಡೆಯುತ್ತಿತ್ತೆಂದೂ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 1407ರಲ್ಲಿ ಸುಲ್ತಾನ ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯ ಕಟ್ಟಿಸಲು ತೊಡಗಿದ. ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು.

ಇಸ್ಲಾಮಿನ ಆಚರಣೆಗೆ ಖಗೋಳದ ಲೆಕ್ಕ ಹೊರಗಿನದಲ್ಲ. ನೆಟ್ಟ ಕೋಲಿನ ನೆರಳು ನಡುಹಗಲಿನಲ್ಲಿದ್ದುದಕ್ಕಿಂತ ಒಂದು ಕೋಲಿನಷ್ಟು ಬೆಳೆದಾಗ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಹೊತ್ತು ಶುರುವಾಗುತ್ತದೆ. ಇಸ್ಲಾಮಿನ ನ್ಯಾಯಪಂಥಗಳಲ್ಲೊಂದಾದ ಹನಫಿಗಳ ರೂಢಿಯಲ್ಲಿ ಎರಡು ಕೋಲಿನಷ್ಟು ಬೆಳೆಯಬೇಕು. ನಮಾಜಿನಲ್ಲಿ ಮುಖ ಮಾಡಬೇಕಾದ, ಮೆಕ್ಕಾದ ಕಾಬಾದ ದಿಕ್ಕಾದ ಕಿಬ್ಲಾ ಊರಿಂದೂರಿಗೆ ಬದಲಾಗುತ್ತದೆ. ನೇರ ಪಶ್ಚಿಮದಿಂದ ಉತ್ತರಕ್ಕೆ ಕಲಬುರಗಿಯಲ್ಲಿ ಸುಮಾರು 13 ಡಿಗ್ರಿ, ಬೆಂಗಳೂರಿನ ಬಿನ್ನಿಪೇಟೆಯಲ್ಲಿ ಸುಮಾರು 18 ಡಿಗ್ರಿ ತಿರುಗಬೇಕು. ಭೂಮಿ ಗುಂಡಗಿರುವುದರಿಂದ ಇದಕ್ಕೆ ಗೋಳದ ತ್ರಿಕೋನಮಿತಿ ಬೇಕು. ಅಲ್ ಬಿರೂನಿಯಂಥ ಗಣಿತಜ್ಞರು ಇದರ ಮೇಲೆ ಗ್ರಂಥಗಳನ್ನೇ ಬರೆದರು.

1398ರಲ್ಲಿ ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ಬಿಟ್ಟ ಚಿಶ್ತಿ ಸೂಫಿ ಗೇಸುದರಾಜರು, ಅಂದರೆ ಖ್ವಾಜಾ ಬಂದೇನವಾಜರು, ಮುಂದೆ ಕಲಬುರಗಿಗೆ ಬಂದು ನೆಲೆಸಿದರು. ಆಗ ಅವರಿಗೆ ಸುಮಾರು 80 ವರ್ಷ. ಮೊದಲು ಆದರದಿಂದ ಬರಮಾಡಿಕೊಂಡ ಸುಲ್ತಾನ, ಶಾಸ್ತ್ರವಿದ್ಯೆಗಳಲ್ಲಿ ಅವರು ಅಷ್ಟಕ್ಕಷ್ಟೇ ಎಂದು ಬಗೆದು ದೂರ ಸರಿದನೆಂದು ಫಿರಿಶ್ತಾ ಹೇಳುತ್ತಾನೆ. ಸುಲ್ತಾನನ ತಮ್ಮ ಅಹ್ಮದ್ ಮಾತ್ರ ಅವರ ಭಕ್ತನಾದ. ಬಂದೇನವಾಜರು ಕುರಾನಿಗೆ ವ್ಯಾಖ್ಯಾನ ಬರೆದವರು. ಆದ್ದರಿಂದ ಇದನ್ನು ಪಂಡಿತ ಮತ್ತು ಪಾಮರರ ಜಗಳವೆನ್ನಲಾಗದು. ಯಾವುದನ್ನು ನಿಜವಾದ ಅರಿವೆನ್ನಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು 1111ರಲ್ಲಿ ತೀರಿಕೊಂಡ ಇಸ್ಲಾಮಿ ಚಿಂತಕ ಅಲ್ ಗಜಾಲಿ ಮೊದಲೇ ಬಿಡಿಸಿ ನೋಡಿದ್ದ. ಗ್ರಹಣದ ಲೆಕ್ಕವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಕೆಡುಕು ಮಾಡುತ್ತಾನೆ ಎಂಬುದು ಅವನ ವಾದದ ಒಂದು ಮಗ್ಗುಲು. ಗಣಿತ ಖಚಿತವಾಗಿದೆಯೆಂದು ದೇವರ ಬಗ್ಗೆ ತತ್ತ್ವಜ್ಞರು ಹೇಳಿದ್ದನ್ನೂ ಅಷ್ಟೇ ಖಚಿತವೆಂದು ನಂಬುವುದು ತಪ್ಪು ಎಂಬುದು ಇನ್ನೊಂದು. ಗಣಿತದ ರುಜುವಾತನ್ನು ಕಲಿತವರು ಯಾರು ಬೇಕಾದರೂ ಪರೀಕ್ಷಿಸಬಹುದು. ಸೂಫಿಯ ಅರಿವು ಗುರುವಿನ ಬಳಿಯ ಸಾಧನೆಯಿಂದ ಬರುವಂಥದು. ಅದನ್ನು ಇನ್ನೊಬ್ಬರಿಗೆ ಲೆಕ್ಕ ಹಾಕಿ ತೋರಿಸಲಾಗದು.

1422ರಲ್ಲಿ ಫಿರೋಜ್ ಷಾ ಸಿಂಹಾಸನ ಬಿಟ್ಟುಕೊಟ್ಟು ತೀರಿಕೊಂಡ, ಅಹ್ಮದ್ ದೊರೆಯಾದ. ಅದೇ ವರ್ಷ ಬಂದೇನವಾಜರೂ ಕಾಲವಾದರು. ಗದ್ದುಗೆ ಕೈಬದಲಾದುದಕ್ಕೆ ಸೇನಾಬಲ ಮತ್ತು ಉತ್ತರಾಧಿಕಾರದ ಕಲಹ ಕಾರಣ. ಅದರಿಂದ ವಾದದ ಸೋಲುಗೆಲುವು ತೀರ್ಮಾನವಾಗಲಿಲ್ಲ. ನಮಾಜಿಗೆ ಎತ್ತ ಮುಖ ಮಾಡಿ ನಿಲ್ಲಬೇಕೆಂಬುದನ್ನು ಗಣಿತವೇ ಹೇಳಬೇಕು. ನಿಂತವನ ಮನಸ್ಸು ಎತ್ತ ತಿರುಗಿದೆ ಎಂಬುದನ್ನು ಅದು ಹೇಳಲಾರದು.