ಕಟ್ಟು ಮತ್ತು ಬಿಡುಗಡೆ

ಮನುಷ್ಯನು ತಾನಾಗಿ ಒಪ್ಪಿಕೊಂಡ ಕಟ್ಟು ಅವನ ಸ್ವಾತಂತ್ರ್ಯಕ್ಕೆ ಹಾನಿಯೋ, ಅಲ್ಲವೋ ಎಂಬ ಪ್ರಶ್ನೆಯು ಬಹಳ ಹಳೆಯದು. ವ್ರತ, ಪ್ರತಿಜ್ಞೆ, ವಿವಾಹ, ಉದ್ಯೋಗ, ಸಾಲ ಇವೆಲ್ಲವೂ ಕಟ್ಟುಗಳೇ. ಇದನ್ನು ದೊಡ್ಡ ಗ್ರಂಥಗಳ ಮೂಲಕವೇ ವಿಚಾರಿಸಬೇಕೆಂಬ ನಿಯಮವಿಲ್ಲ. ಬೈಸಿಕಲ್ಲಿನ ಪೆಡಲಿನಂಥ ಅಲ್ಪವಸ್ತುವೂ ಇಂಥ ವಿಚಾರಕ್ಕೆ ದೃಷ್ಟಾಂತವಾಗಬಲ್ಲುದು.

ಸಾಮಾನ್ಯವಾದ ಪೆಡಲಿನ ಮೇಲೆ ಕಾಲು ಸುಮ್ಮನೆ ಊರಿರುತ್ತದೆ, ಬೇಕೆಂದಾಗ ಎತ್ತಿದರಾಯಿತು. ಆದರೆ ವೇಗದಲ್ಲಿ ಅದು ಜಾರುವುದೂ ಉಂಟು. ಇದನ್ನು ತಡೆಯಲು ಹತ್ತೊಂಬತ್ತನೆಯ ಶತಮಾನದ ಕೊನೆಗಾಲದಿಂದಲೇ ಪಂದ್ಯದ ಸವಾರರು ಪೆಡಲಿನ ಮುಂದೆ ಲೋಹದ ಕ್ಲಿಪ್ಪನ್ನು ಇರಿಸಿ, ಕಾಲನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿಗಿದ ಪಟ್ಟಿಯನ್ನು ಸಡಿಲಿಸಲು ಬಗ್ಗಿ ಕೈಯನ್ನೇ ಚಾಚಬೇಕಾಗಿತ್ತು. 1984ರಲ್ಲಿ ಫ್ರಾನ್ಸ್ ದೇಶದ ಲುಕ್ ಎಂಬ ಸಂಸ್ಥೆಯು ಇದಕ್ಕೊಂದು ಬೇರೆ ಉಪಾಯವನ್ನು ಹೊರತಂದಿತು. ಹಿಮದ ಮೇಲೆ ಜಾರುವವರ ಪಾದರಕ್ಷೆಯನ್ನು ಸ್ಕೀ ಹಲಗೆಗೆ ಹಿಡಿದಿಟ್ಟು, ಬೀಳುವ ಸಮಯದಲ್ಲಿ ಕಾಲು ಮುರಿಯದಂತೆ ತಾನೇ ಬಿಟ್ಟುಕೊಡುವ ಸಾಧನಗಳನ್ನು ಮಾಡುವುದು ಆ ಸಂಸ್ಥೆಯ ಮೊದಲಿನ ಕಸುಬು. ಅದೇ ತತ್ತ್ವವನ್ನು ಅವರು ಪೆಡಲಿಗೆ ಅನ್ವಯಿಸಿದರು. 1985ರಲ್ಲಿ ಬರ್ನಾರ್ ಇನೋ ಎಂಬ ಸವಾರನು ಇಂಥ ಪೆಡಲುಗಳಿಂದಲೇ ಟೂರ್ ದ ಫ್ರಾನ್ಸ್ ಪಂದ್ಯವನ್ನು ಐದನೆಯ ಬಾರಿಗೆ ಗೆದ್ದ ಮೇಲೆ ಇದರ ಕೀರ್ತಿ ಹಬ್ಬಿತು.

ಇದಕ್ಕೆ ಬಂದ ಹೆಸರು ‘ಕ್ಲಿಪ್‌ಲೆಸ್’, ಎಂದರೆ ಕ್ಲಿಪ್ಪಿಲ್ಲದ್ದು. ಕಾಲನ್ನು ಎಲ್ಲಕ್ಕಿಂತ ಭದ್ರವಾಗಿ ಹಿಡಿಯುವ ವಸ್ತುವಿಗೆ ಹಿಡಿತವಿಲ್ಲದ್ದೆಂಬ ಅರ್ಥ ಬರುವ ಹೆಸರು! ಹಳೆಯ ಲೋಹದ ಕ್ಲಿಪ್ಪು ಇಲ್ಲವೆಂಬಷ್ಟೇ ಇದರ ತಾತ್ಪರ್ಯವಾದರೂ, ಹೆಸರು ಕೇಳಿ ವಸ್ತುವನ್ನು ನಿರ್ಣಯಿಸಬಾರದೆಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಇದರ ರಚನೆ ಹೀಗಿದೆ. ಪಾದರಕ್ಷೆಯ ಅಟ್ಟೆಯಲ್ಲಿ ಕ್ಲೀಟ್ ಎಂಬ ಸಣ್ಣ ಬಿಲ್ಲೆಯೊಂದು ಇರುತ್ತದೆ. ಅದನ್ನು ಪೆಡಲಿನ ಮೇಲಿಟ್ಟು ಒತ್ತಿದರೆ ಸ್ಪ್ರಿಂಗಿನ ದವಡೆಯು ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಲನ್ನು ಮೇಲಕ್ಕೆ ಎಷ್ಟು ಜಗ್ಗಿದರೂ ಸಾಮಾನ್ಯವಾಗಿ ಅದು ಬಿಡದು. ಹಿಮ್ಮಡಿಯನ್ನು ಹೊರಮಗ್ಗುಲಿಗೆ ತಿರುಗಿಸಿದರೆ ತಟ್ಟನೆ ಬಿಡುತ್ತದೆ. ಹಿಡಿತದ ಬಿಗಿಯನ್ನು ಒಂದು ತಿರುಪಿನಿಂದ ಹೆಚ್ಚುಕಡಿಮೆ ಮಾಡಿಕೊಳ್ಳಲೂ ಅವಕಾಶವುಂಟು.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಸ್ವಚ್ಛಂದವಾಗಿದ್ದ ಕಾಲನ್ನು ಕಟ್ಟಿಕೊಂಡು ಬೀಳುವುದೇತಕ್ಕೆ? ಬೀಳುವುದು ನಿಜವೇ. ಹೊಸದಾಗಿ ಈ ಪೆಡಲಿಗೆ ಬಂದವರು ಬೀಳುವುದು ಬಹುಮಟ್ಟಿಗೆ ಓಟದಲ್ಲಲ್ಲ, ನಿಲ್ಲುವಾಗ. ದಾರಿಗೆ ಏನೋ ಅಡ್ಡ ಬರುತ್ತದೆ, ಗಾಡಿ ನಿಲ್ಲುತ್ತದೆ, ಕಾಲು ಹಳೆಯ ರೂಢಿಯಂತೆ ನೇರವಾಗಿ ಮೇಲಕ್ಕೆಳೆಯುತ್ತದೆ, ಪೆಡಲು ಬಿಡುವುದಿಲ್ಲ. ಬುಡ ಕಡಿದ ಬಾಳೆಯಂತೆ ಸವಾರನು ನಿಂತಲ್ಲಿಯೇ ಪಕ್ಕಕ್ಕೆ ಒರಗುತ್ತಾನೆ. ಹಿಮ್ಮಡಿ ತಿರುಗಿಸಬೇಕೆಂಬುದು ಅವನಿಗೆ ತಿಳಿಯದೆ ಇರಲಿಲ್ಲ. ತಿಳಿವಳಿಕೆಯು ತಲೆಯಲ್ಲಿತ್ತು, ಕಾಲಿಗೆ ಇಳಿದಿರಲಿಲ್ಲ. ಆದಕಾರಣ ಬಲ್ಲವರು ಹೇಳುವುದಿಷ್ಟೇ: ಸ್ಪ್ರಿಂಗನ್ನು ಸಡಿಲಿಸಿ, ಗೋಡೆಯನ್ನು ಹಿಡಿದು ನಿಂತು, ಕಾಲನ್ನು ಬಿಡಿಸುವುದನ್ನು ಹತ್ತಾರು ಬಾರಿ ಅಭ್ಯಾಸಮಾಡು, ಆಮೇಲೆ ರಸ್ತೆಗೆ ಇಳಿ, ನಿಲ್ಲುವುದಕ್ಕೆ ಮುಂಚಿತವಾಗಿಯೇ ಒಂದು ಕಾಲನ್ನು ಬಿಡಿಸಿಕೋ.

ಮಹಾಭಾರತವನ್ನು ಬಲ್ಲ ವಾಚಕರಿಗೆ ಈ ಉಪದೇಶ ಹೊಸದಲ್ಲ. ಅಭಿಮನ್ಯುವಿಗೆ ವ್ಯೂಹವನ್ನು ಹೊಗುವ ವಿದ್ಯೆ ತಿಳಿದಿತ್ತು, ಹೊರಬರುವ ವಿದ್ಯೆ ತಿಳಿದಿರಲಿಲ್ಲ. ಅಶ್ವತ್ಥಾಮನೂ ಅರ್ಜುನನೂ ಮಹಾಸ್ತ್ರಗಳನ್ನು ಬಿಟ್ಟಾಗ ಅರ್ಜುನನು ತನ್ನದನ್ನು ಹಿಂದಕ್ಕೆ ತೆಗೆದುಕೊಳ್ಳಬಲ್ಲವನಾದನು, ಅಶ್ವತ್ಥಾಮನು ಆಗಲಿಲ್ಲ. ಪ್ರಯೋಗದ ಜೊತೆಗೆ ಉಪಸಂಹಾರವನ್ನೂ ಕಲಿತವನದೇ ಪೂರ್ಣವಾದ ವಿದ್ಯೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಹನವಾದುದು. ಬೇಕೆಂದಾಗ ಬಿಡಿಸಿಕೊಳ್ಳಬಹುದಾದರೆ ಅದು ಕಟ್ಟು ಹೇಗಾದೀತು? ಸುಲಭವಾಗಿ ಮುರಿಯಬಹುದಾದ ವ್ರತವು ವ್ರತವೇ? ಇದಕ್ಕೆ ಪೆಡಲಿನ ರಚನೆಯಲ್ಲಿಯೇ ಸಮಾಧಾನವಿದೆ. ಏರು ಹತ್ತುವಾಗಿನ ಜಗ್ಗಾಟಕ್ಕೆ ಅದು ಬಿಡುವುದಿಲ್ಲ. ಆ ಶ್ರಮವನ್ನು ತಾಳುವುದಕ್ಕಾಗಿಯೇ ಅದು ಇರುವುದು. ಬಿಡುಗಡೆಯ ದಿಕ್ಕು ಬೇರೆ. ಅದಕ್ಕೆ ಬುದ್ಧಿಪೂರ್ವಕವಾದ ಒಂದು ತಿರುವು ಬೇಕು. ಒಳ್ಳೆಯ ಪ್ರತಿಜ್ಞೆಯೂ ಹೀಗೆಯೇ ಇರಬೇಕು. ಕಷ್ಟ ಬಂದಿತೆಂಬ ಮಾತ್ರಕ್ಕೆ ಕಳಚಬಾರದು. ವಿವೇಕವು ಬೇಡವೆಂದಾಗ ಹಟ ಹಿಡಿಯಲೂಬಾರದು. ಕಷ್ಟದ ಎಳೆತಕ್ಕೂ ವಿವೇಕದ ತಿರುವಿಗೂ ಭೇದವನ್ನು ಕಾಣದವನು ಒಂದೋ ಎಲ್ಲವನ್ನೂ ನಡುವೆ ಬಿಡುತ್ತಾನೆ, ಇಲ್ಲವೇ ಎಲ್ಲದರೊಡನೆ ಬೀಳುತ್ತಾನೆ.

ಇನ್ನು ಲಾಭದ ಮಾತು. ವೇಗದಲ್ಲಿಯೂ ಒರಟು ದಾರಿಯಲ್ಲಿಯೂ ಕಾಲು ಸ್ಥಾನ ತಪ್ಪದಿರುವುದು ನಿಜವಾದ ಲಾಭ. ಕಾಲನ್ನು ಮೇಲಕ್ಕೆಳೆದು ತುಳಿಯುವುದರಿಂದ ಬಲವು ಬಹಳ ಹೆಚ್ಚುವುದೆಂಬ ನಂಬಿಕೆಯನ್ನಾದರೋ, ಸಮವೇಗದ ಸವಾರಿಯ ಪರೀಕ್ಷೆಗಳು ಸಮರ್ಥಿಸಿಲ್ಲ. ಆದ್ದರಿಂದ ಇಲ್ಲಿಯೂ ಅಧಿಕಾರಿಭೇದವುಂಟು. ಹೆಜ್ಜೆಹೆಜ್ಜೆಗೂ ನಿಲ್ಲಬೇಕಾದ ಪೇಟೆಬೀದಿಯಲ್ಲಿ ಸಂಚರಿಸುವವನಿಗೆ ಹಳೆಯ ಪೆಡಲೇ ಸಾಕು. ಅದರಲ್ಲಿ ಹೀನತೆಯೇನೂ ಇಲ್ಲ. ಪರರು ಕಟ್ಟಿಕೊಂಡರೆಂದು ತಾನೂ ಕಟ್ಟಿಕೊಳ್ಳುವುದು ವ್ರತವಲ್ಲ, ಅನುಕರಣೆ.

ಕಡೆಯದಾಗಿ, ತನ್ನ ಕಾಲಿನ ಕಟ್ಟು ಬೇರೆ, ಪರರ ಕಾಲಿಗೆ ತೊಡಿಸುವ ಕಟ್ಟು ಬೇರೆ. ಜೀತದಲ್ಲಿಯೂ ಮೊದಲು ಒಪ್ಪಿಗೆಯ ಮಾತು ಇರುತ್ತಿತ್ತು. ಆದರೆ ಬಿಡುಗಡೆಯು ಆಳಿನ ಕೈಯಲ್ಲಿರದೆ ಒಡೆಯನ ಕೈಯಲ್ಲಿರುತ್ತಿತ್ತು. ಆದಕಾರಣವೇ ಅದು ಬೇಡಿಯಾಯಿತು, 1976ರ ಶಾಸನವು ಅದನ್ನು ರದ್ದುಗೊಳಿಸಿತು. ಮಗನನ್ನು ಒಂದು ವಿದ್ಯೆಗೆ, ಮಗಳನ್ನು ಒಂದು ಮನೆಗೆ ಸೇರಿಸುವ ಹಿರಿಯರು ತಾಳ್ಮೆಯನ್ನು ಬೋಧಿಸುತ್ತಾರೆ, ಅದು ಉಚಿತವೇ. ಅದರ ಜೊತೆಗೆ, ತಾಳಲಾಗದ ದಿನ ಬಂದರೆ ಹಿಮ್ಮಡಿಯನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನೂ, ಹಾಗೆ ತಿರುಗಿಸಿದರೆ ತವರಿನ ಬಾಗಿಲು ತೆರೆದಿರುವುದೆಂಬುದನ್ನೂ ಮೊದಲೇ ಹೇಳಿಕೊಡುವುದು ಅವರ ಕರ್ತವ್ಯ. ಬಿಡಿಸಿಕೊಳ್ಳಬಲ್ಲೆನೆಂಬ ಧೈರ್ಯವಿದ್ದವನೇ ನಿಶ್ಚಿಂತೆಯಿಂದ ಕಟ್ಟಿಕೊಂಡು ದೂರದ ದಾರಿಯನ್ನು ಸಾಗುತ್ತಾನೆ.