ಅವಸರದ ವಿದ್ಯೆ

ಸಾಲದ ಕಾಗದಕ್ಕೆ ಜಾಮೀನು ಹಾಕುವುದು ನಮ್ಮ ಮನೆತನದಲ್ಲಿ ಸಣ್ಣ ಮಾತಲ್ಲ. ತಂದೆಯವರು ಯಾರಿಗೋ ಜಾಮೀನು ನಿಂತು ಎರಡು ಎಕರೆ ಗದ್ದೆ ಕಳೆದುಕೊಂಡ ಕಥೆಯನ್ನು ಕೇಳುತ್ತಲೇ ಬೆಳೆದವರು ನಾವು. ಆದುದರಿಂದ ಕಳೆದ ವರ್ಷ ಅಕ್ಕನ ಮಗ ಬಂದು, “ಮಾವ, ಬ್ಯಾಂಕಿನವರು ಇನ್ನೊಬ್ಬರ ಸಹಿ ಬೇಕು ಅಂತಾರೆ” ಎಂದಾಗ ನಾನು ಕೂಡಲೇ ಪೆನ್ನಿಗೆ ಕೈಹಾಕಲಿಲ್ಲ.

“ಯಾವ ಓದಿಗೆ?” ಎಂದು ಕೇಳಿದೆ.

“ಪೈಲಟ್ ಆಗೋದಕ್ಕೆ.”

“ಎಷ್ಟು ವರ್ಷದ್ದು?”

“ವರ್ಷ ಇಲ್ಲ ಮಾವ, ಒಂಬತ್ತೇ ತಿಂಗಳು.”

ಹೀಗೆಂದು ಮೂರು ಶಾಲೆಗಳ ವಿವರಣ ಪುಸ್ತಿಕೆಗಳನ್ನು ಮೇಜಿನ ಮೇಲೆ ಹರವಿದ. ಒಂದು ನಮ್ಮ ದೇಶದ್ದು. ಅಲ್ಲಿ ಹೇಳುವುದು ಹದಿನೆಂಟು ತಿಂಗಳು, ಕಲಿತು ಬಂದವರು ಹೇಳುವುದು ಎರಡು ವರ್ಷ. ಉಳಿದೆರಡು ಅಮೆರಿಕದ ಫ್ಲಾರಿಡಾದವು. ಬಿಸಿಲು ಹೆಚ್ಚು, ನೆಲ ಸಮತಟ್ಟು, ಬೆಟ್ಟಗುಡ್ಡಗಳ ಕಾಟವಿಲ್ಲ. ಅದಕ್ಕೇ ಹಾರಾಟದ ಶಾಲೆಗಳು ಅಲ್ಲಿ ಸಾಲುಸಾಲಾಗಿವೆಯಂತೆ. ವಿಮಾನದ ಬಾಗಿಲನ್ನೇ ಮುಟ್ಟದ ಹುಡುಗನನ್ನು ಒಂಬತ್ತು ತಿಂಗಳಲ್ಲಿ ವಾಣಿಜ್ಯ ಪರವಾನಗಿಯ ವೈಮಾನಿಕನನ್ನಾಗಿ ಮಾಡಿ ಕಳುಹಿಸುತ್ತೇವೆಂದು ಎರಡೂ ಕಡೆಯವರು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಊಟ ವಸತಿ ಸೇರಿ ಎಪ್ಪತ್ತು ಲಕ್ಷ ರೂಪಾಯಿಯ ಹತ್ತಿರ. ಮೈಸೂರಿನ ಮನೆಯನ್ನು ಅಡವಿಡಲು ಅಕ್ಕ ಒಪ್ಪಿಯಾಗಿತ್ತು. ಒಂಬತ್ತು ತಿಂಗಳಿಗೆ ಹಿಂದೆ ಇದೇ ಹುಡುಗ ಸ್ಕೂಟರನ್ನು ನಮ್ಮ ಮನೆಯ ಗೇಟಿಗೇ ಗುದ್ದಿದ್ದನೆಂಬುದು ನನಗೆ ಆಗ ನೆನಪಾಯಿತು. ಬಾಯಿಬಿಟ್ಟು ಹೇಳಲಿಲ್ಲ.

ನನ್ನ ಮೊದಲ ಅಭಿಪ್ರಾಯ ಏನಿದ್ದಿರಬಹುದೆಂದು ಓದುಗರು ಊಹಿಸಬಲ್ಲರು. ನಮ್ಮ ಕಾಲದ ಎಲ್ಲರ ಅಭಿಪ್ರಾಯವೇ ಅದು. ವಿದ್ಯೆ ನಿಧಾನವಾಗಿ ಬರತಕ್ಕದ್ದು. ಸರಳೆ ವರಸೆಯನ್ನು ವರ್ಷಗಟ್ಟಲೆ ಹಾಡದವನಿಗೆ ಕೀರ್ತನೆಯ ಹಕ್ಕಿಲ್ಲ. ಬಾಳೆಗೊನೆಗೆ ಹೊಗೆ ಹಾಕಿದರೆ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಹಾಗೇ ಇರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆಯೇ ಇದೆಯಲ್ಲ! ಇದನ್ನೆಲ್ಲ ಹುಡುಗನಿಗೆ ಒಂದು ಗಂಟೆ ಉಪದೇಶ ಮಾಡಿದೆ. ಅವನು ತಾಳ್ಮೆಯಿಂದ ಕೇಳಿ, ಕಾಫಿ ಕುಡಿದು, ಪುಸ್ತಿಕೆಗಳನ್ನು ಅಲ್ಲಿಯೇ ಬಿಟ್ಟು ಹೋದ.

ರಾತ್ರಿ ನಿದ್ದೆ ಬರಲಿಲ್ಲ. ಉಪದೇಶ ಮಾಡಿದ ನಾನು ಯಾರು? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ಫೆಬ್ರವರಿ ಬಂತೆಂದರೆ ಹುಡುಗರನ್ನು ಸಂಜೆಯ ಹೊತ್ತು ಕೂಡಿಹಾಕಿ, ಹತ್ತು ವರ್ಷಗಳ ಪ್ರಶ್ನಪತ್ರಿಕೆಗಳನ್ನು ಅರೆದು ಕುಡಿಸಿ ಪಾಸು ಮಾಡಿಸಿದವನು. ಪ್ರಮೇಯವನ್ನು ಅರ್ಥಮಾಡಿಕೊಳ್ಳದೆ ಬಾಯಿಪಾಠ ಮಾಡಿದ್ದಾರೆಂದು ಗೊತ್ತಿದ್ದೂ ಬೆನ್ನು ತಟ್ಟಿದವನು. ಅವರು ಮರುವರ್ಷವೇ ಅದನ್ನು ಮರೆತರು. ಅದರಿಂದ ಯಾರ ಪ್ರಾಣಕ್ಕೂ ಕೇಡಾಗಲಿಲ್ಲವೆಂಬುದೊಂದೇ ನನ್ನ ಸಮಾಧಾನ. ಅವಸರದ ವಿದ್ಯೆಯ ಮೇಲೆ ಕಲ್ಲೆಸೆಯುವ ಅಧಿಕಾರ ನನಗೆ ಅಷ್ಟಾಗಿ ಇರಲಿಲ್ಲ.

ನಮ್ಮ ಬೀದಿಯಲ್ಲೇ ವಾಯುಪಡೆಯಲ್ಲಿ ಶಿಕ್ಷಕರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಮರುದಿನ ಅವರಲ್ಲಿಗೆ ಹೋದೆ. ಬಾಳೆಗೊನೆಯ ಉಪಮಾನವನ್ನು ಕೇಳಿ ಅವರು ನಕ್ಕುಬಿಟ್ಟರು.

“ಮೇಷ್ಟ್ರೇ, ಹದಿನೈದು ದಿನಕ್ಕೊಂದು ಸಲ ಹಾರುವ ಹುಡುಗ ಪ್ರತಿ ಪಾಠದ ಅರ್ಧವನ್ನು ಹಿಂದಿನ ಪಾಠ ಜ್ಞಾಪಿಸಿಕೊಳ್ಳುವುದರಲ್ಲೇ ಕಳೆಯುತ್ತಾನೆ. ಕೈಗೆ ಮರೆವು ಜಾಸ್ತಿ. ದಿನಾ ಹಾರಿದವನ ಕೈ ಬೇಗ ಪಳಗುತ್ತದೆ. ನಿಮ್ಮ ಎರಡು ವರ್ಷದಲ್ಲಿ ಕಲಿಯುವ ದಿನ ಎಷ್ಟು, ವಿಮಾನ ರಿಪೇರಿಯಲ್ಲಿದೆ, ಶಿಕ್ಷಕರು ರಜದಲ್ಲಿದ್ದಾರೆ ಅಂತ ಬೆಂಚಿನ ಮೇಲೆ ಕೂರುವ ದಿನ ಎಷ್ಟು, ಅದನ್ನು ಲೆಕ್ಕ ಹಾಕಿದ್ದೀರಾ?”

ಲೆಕ್ಕದ ಮೇಷ್ಟರಿಗೆ ಹೇಳಬಾರದ ಮಾತು, ಆದರೂ ನಿಜ. ನಿಧಾನವೆಂದು ನಾವು ಗೌರವಿಸುವುದರಲ್ಲಿ ಎಷ್ಟೋ ಪಾಲು ಬರಿಯ ಕಾಯುವಿಕೆ. ಕಾದದ್ದು ಮಾಗಿದ್ದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. (ಕೇಂದ್ರ ಸರ್ಕಾರ 1985ರಲ್ಲಿ ವೈಮಾನಿಕರ ತರಬೇತಿಗೆಂದು ಸ್ಥಾಪಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇರುವ ಊರಿನ ಹೆಸರು ಫುರ್ಸತ್‌ಗಂಜ್. ಹಿಂದಿಯಲ್ಲಿ ಫುರ್ಸತ್ ಎಂದರೆ ಬಿಡುವು. ಹೆಸರಿಟ್ಟವರಿಗೆ ವಿಮಾನದ ಕನಸೂ ಇದ್ದಿರಲಾರದು.)

ಅವಸರಕ್ಕೆ ಬೇರೆ ಕಾರಣವೂ ಇದೆ. ಬಹುತೇಕ ವಿಮಾನ ಸಂಸ್ಥೆಗಳಲ್ಲಿ ಮೊದಲು ಸೇರಿದವನಿಗೆ ಮೊದಲ ಸಾಲು. ಕ್ಯಾಪ್ಟನ್ ಪದವಿ, ದೊಡ್ಡ ವಿಮಾನ, ಹಬ್ಬಕ್ಕೆ ರಜೆ, ಎಲ್ಲದರಲ್ಲೂ ಸೇರಿದ ದಿನಾಂಕ ಅಡ್ಡ ಬರುತ್ತದೆ. ಅರವತ್ತೈದಕ್ಕೆ ಇಳಿಯಲೇಬೇಕು. ಈಗ ಕಳೆದ ಒಂದು ವರ್ಷವೆಂದರೆ ಕೊನೆಯಲ್ಲಿ ಸಿಗಬಹುದಾಗಿದ್ದ ದೊಡ್ಡ ಸಂಬಳದ ಒಂದು ವರ್ಷ. ಸಾಲದ ಬಡ್ಡಿಯಂತೂ ಬೆಂಚಿನ ಮೇಲೆ ಕುಳಿತವನಿಗೂ ಓಡುತ್ತಲೇ ಇರುತ್ತದೆ. ಇಷ್ಟಾದರೂ ಬೇಗ ಮುಗಿಸಿದವರಿಗೆಲ್ಲ ಕೆಲಸ ಕಾದಿರುತ್ತದೆಂದು ಹೇಳುವಂತಿಲ್ಲ. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಅನುಭವಸ್ಥರೇ ಬೀದಿಗೆ ಬಂದರು. 2020ರ ಮಾರ್ಚಿಯಲ್ಲಿ ಹೊಸ ಪರವಾನಗಿ ಹಿಡಿದು ಬಂದವರು, ನೆಲದ ಮೇಲೆ ಸಾಲಾಗಿ ನಿಂತ ವಿಮಾನಗಳನ್ನು ನೋಡಬೇಕಾಯಿತು.

ಹಾಗಾದರೆ ನನ್ನ ಅಳುಕು ಯಾವುದರ ಮೇಲೆ? ತಿಂಗಳ ಲೆಕ್ಕವನ್ನು ಬಿಟ್ಟು ಗಂಟೆಯ ಲೆಕ್ಕಕ್ಕೆ ಬಂದೆ. ನಮ್ಮ ದೇಶದಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಆಗಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತು ತಾನೇ ನಡೆಸಿದ್ದಾಗಿರಬೇಕು. ಹೊರದೇಶದಲ್ಲಿ ಕಲಿತು ಬಂದವನೂ ಇಲ್ಲಿ ಮತ್ತೆ ಪರೀಕ್ಷೆಗೆ ಕೂತು ಪರವಾನಗಿಯನ್ನು ಬದಲಾಯಿಸಿಕೊಳ್ಳಬೇಕು. ಗಂಟೆ ಎಂಬುದು ಗಟ್ಟಿಯಾದ ಪದಾರ್ಥದಂತೆ ಕಾಣುತ್ತದೆ. ಆದರೆ ಹಾರಾಟದ ಸಮಯವನ್ನು ಎಣಿಸುವುದು ವಿಮಾನ ಹಾರಲೆಂದು ಮೊದಲು ಕದಲಿದ ಕ್ಷಣದಿಂದ ಕೊನೆಗೆ ನಿಂತ ಕ್ಷಣದವರೆಗೆ. ಜನನಿಬಿಡ ನಿಲ್ದಾಣದಲ್ಲಿ ಎಂಜಿನ್ ಓಡಿಸಿಕೊಂಡು ಸರದಿಗಾಗಿ ಕಾಯುತ್ತ ಕೂತ ಇಪ್ಪತ್ತು ನಿಮಿಷವೂ ಅದರಲ್ಲಿ ಸೇರಿತು. ಅದಕ್ಕೂ ದುಡ್ಡು ಕೊಡಬೇಕು. ಎರಡು ಗಂಟೆ ಎಂದು ಪುಸ್ತಕದಲ್ಲಿ ಬರೆದವರಿಬ್ಬರಲ್ಲಿ ಒಬ್ಬ ಅಡ್ಡಗಾಳಿಯಲ್ಲಿ ಎಂಟು ಸಲ ಇಳಿಸಿ ಏರಿಸಿರಬಹುದು, ಇನ್ನೊಬ್ಬ ತಿಳಿಯಾದ ಆಕಾಶದಲ್ಲಿ ನೇರ ಹೋಗಿ ಬಂದಿರಬಹುದು. ಇನ್ನು ಹಾರದೆಯೇ ಬರೆದ ಗಂಟೆಗಳ ಮಾತು ಬೇರೆ. 2011ರಲ್ಲಿ ನಮ್ಮ ದೇಶದಲ್ಲಿಯೇ ಹಾಗೆ ಬರೆದ ಆರೋಪಗಳು ಬಂದವು. ಸುಳ್ಳು ಅಂಕಪಟ್ಟಿ ಕೊಟ್ಟು ಮೇಲಿನ ಪರವಾನಗಿ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು.

ಗಂಟೆ ಹೆಚ್ಚಿಸಿದರೆ ಸಾಕೆ? ಅಮೆರಿಕದವರು ಅದನ್ನೂ ಮಾಡಿದರು. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್ ವಿಮಾನ ಇಳಿಯುವುದಕ್ಕೆ ಸ್ವಲ್ಪ ಮೊದಲು ಒಂದು ಮನೆಯ ಮೇಲೆ ಬಿತ್ತು. ಒಳಗಿದ್ದ 49 ಜನರೂ ಆ ಮನೆಯವರಲ್ಲಿ ಒಬ್ಬರೂ ಸತ್ತರು. ವೇಗ ಕುಗ್ಗಿತ್ತು, ಎಚ್ಚರಿಸಲೆಂದು ಹಿಡಿಕೆ ತಾನೇ ನಡುಗಿತು. ಆಗ ವಿಮಾನದ ಮೂತಿಯನ್ನು ತಗ್ಗಿಸಬೇಕು. ಕ್ಯಾಪ್ಟನ್ ಹಿಡಿಕೆಯನ್ನು ತಮ್ಮ ಕಡೆಗೆ ಎಳೆದರು. ಮುಂದೆ ಬಂದ ಕಾನೂನಿನಂತೆ 2013ರಿಂದ ಅಲ್ಲಿ ಪ್ರಯಾಣಿಕ ವಿಮಾನದ ಸಹಚಾಲಕನಿಗೂ ಸಾಮಾನ್ಯವಾಗಿ 1500 ಗಂಟೆ ಬೇಕಾಯಿತು. ವಿಚಿತ್ರವೆಂದರೆ ಬಫಲೋದ ಕ್ಯಾಪ್ಟನ್ನರಿಗೆ ಮೂರು ಸಾವಿರಕ್ಕೂ, ಸಹಚಾಲಕಿಗೆ ಎರಡು ಸಾವಿರಕ್ಕೂ ಮೀರಿ ಗಂಟೆಗಳಾಗಿದ್ದವು! ಹೊಸ ಕಾನೂನು ಆಗಲೇ ಇದ್ದಿದ್ದರೂ ಅವರಿಬ್ಬರೂ ಆ ಆಸನಗಳಲ್ಲೇ ಕುಳಿತಿರುತ್ತಿದ್ದರು. ಗಂಟೆಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಹೆದರಿದ ಕೈ ಸರಿಯಾದ ಕಡೆಗೆ ಹೋಗುವಂತೆ ಮಾಡುವುದು ಗಂಟೆಯ ಮೊತ್ತವಲ್ಲವೆಂದಷ್ಟೇ ತೋರುತ್ತದೆ.

ಈ ಮಾತನ್ನು ನಮ್ಮ ನೆರೆಯವರ ಮುಂದೆ ಇಟ್ಟಾಗ ಅವರು ಒಂದು ಹಳೆಯ ಸಂಗತಿ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಎಳೆಯ ವೈಮಾನಿಕರು ಅರೆಬರೆ ಕಲಿತು ರಣರಂಗಕ್ಕೆ ಹೋಗಿ ಸಾಯುತ್ತಿದ್ದರು. ವಿಮಾನ ಗಿರಗಿರನೆ ಸುತ್ತುತ್ತ ಬೀಳುವಂಥ ಸ್ಥಿತಿಯ ಹತ್ತಿರವೇ ಹೋಗಬೇಡಿರೆಂಬುದು ಆಗಿನ ಬೋಧನೆ. 1917ರಲ್ಲಿ ಗಾಸ್ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಕ್ರಮವನ್ನೇ ತಿರುಗಿಸಿದ. ಗುರು ಶಿಷ್ಯರಿಬ್ಬರಿಗೂ ಹಿಡಿಕೆ ಇರುವ ವಿಮಾನದಲ್ಲಿ ಶಿಷ್ಯನನ್ನು ಬೇಕೆಂದೇ ಅಪಾಯದೊಳಕ್ಕೆ ಕರೆದೊಯ್ದು, ಅಲ್ಲಿಂದ ಹೊರಬರುವ ದಾರಿಯನ್ನು ಅವನ ಕೈಯಿಂದಲೇ ಮಾಡಿಸಿದ. ಗಾಳಿಯ ಅಬ್ಬರದಲ್ಲಿ ಗುರುವಿನ ಮಾತು ಶಿಷ್ಯನ ಕಿವಿಗೆ ಮುಟ್ಟಲೆಂದು ಒಂದು ಕೊಳವೆಯನ್ನೂ ಇಡಿಸಿದ. ಯುದ್ಧದ ಅವಸರ ಅವನಿಗೇನು ಕಡಿಮೆ ಇತ್ತೆ? ಅಂಥ ಅವಸರದಲ್ಲಿಯೂ ಗುರುವಿಗೆ ಒಂದು ಬಿಡುವಿತ್ತು: ಇವನು ಇನ್ನೂ ಸಿದ್ಧನಲ್ಲ ಎಂದು ಹೇಳಬಹುದಾದ ಬಿಡುವು.

ಇಲ್ಲಿಗೆ ಬಂದು ನನ್ನ ಅಳುಕಿಗೆ ಹೆಸರು ಸಿಕ್ಕಿತು. ಪೈಲಟ್ ಎಂಬವನು ಕಲಿಯಬೇಕಾದ ಮುಖ್ಯ ಸಂಗತಿ ವಿಮಾನ ಏರಿಸುವುದಲ್ಲ. ಅದನ್ನು ನೂರಾರು ಜನ ಕಲಿಯುತ್ತಾರೆ. ಇಂದು ಬೇಡ ಎನ್ನುವುದನ್ನು ಕಲಿಯಬೇಕು. ಮೋಡ ಕವಿದಿದೆ, ಬೇಡ. ಎಂಜಿನ್ನಿನ ಸದ್ದು ಸರಿಯಿಲ್ಲ, ಬೇಡ. ರಾತ್ರಿ ನಿದ್ದೆಯಾಗಿಲ್ಲ, ಬೇಡ. ಆದರೆ ಎಪ್ಪತ್ತು ಲಕ್ಷ ಸಾಲ ಮಾಡಿ, ಒಂಬತ್ತು ತಿಂಗಳಿಗೆ ಸರಿಯಾಗಿ ದುಡ್ಡು ಜೋಡಿಸಿಕೊಂಡು, ದಿನಕ್ಕಿಷ್ಟೆಂದು ಗಂಟೆ ಹಂಚಿಕೊಂಡು ಹೋದ ಹುಡುಗನ ಬಾಯಲ್ಲಿ ಆ ಮಾತು ಹೊರಡುತ್ತದೆಯೆ? ಒಂದು ದಿನ ತಪ್ಪಿದರೆ ವಾರದ ಲೆಕ್ಕ ಕೆಡುತ್ತದೆ. ಒಂದು ಪರೀಕ್ಷೆಯಲ್ಲಿ ಬಿದ್ದರೆ ಅಮ್ಮನ ಮನೆ ಕಣ್ಣಮುಂದೆ ಬರುತ್ತದೆ. ಬೇಗ ಕಲಿಯುವುದರಲ್ಲಿ ದೋಷವಿಲ್ಲ. ನಿಲ್ಲುವ ಸ್ವಾತಂತ್ರ್ಯವಿಲ್ಲದೆ ಬೇಗ ಕಲಿತರೆ, ಕೆಲಸಕ್ಕೆ ಅತ್ಯವಶ್ಯವಾದ ಗುಣವನ್ನೇ ಮೊದಲು ಒತ್ತಿಹಾಕಿದಂತಾಗುತ್ತದೆ. ಮುಂದೊಂದು ದಿನ ಅವನ ಬೆನ್ನ ಹಿಂದೆ ನೂರೆಂಬತ್ತು ಮಂದಿ ಕೂತಿರುತ್ತಾರೆ. ಇವನು ಯಾವ ಶಾಲೆಯಲ್ಲಿ, ಎಂಥ ಒತ್ತಡದಲ್ಲಿ ಕಲಿತನೆಂದು ಅವರಾರೂ ಕೇಳಿರುವುದಿಲ್ಲ. ಅವರೂ ಜಾಮೀನುದಾರರೇ, ಕಾಗದ ಓದದೆ ಸಹಿ ಹಾಕಿದವರು.

ಹುಡುಗನನ್ನು ಕರೆದು ಹೇಳಿದೆ: “ನೋಡು, ಎಷ್ಟು ಬೇಗ ಮುಗಿಸುತ್ತೀರಿ ಅಂತ ಕೇಳಬೇಡ. ಅದನ್ನು ಅವರೇ ಅಚ್ಚು ಹಾಕಿಸಿದ್ದಾರೆ. ತಡವಾದರೆ ಏನು ಮಾಡುತ್ತೀರಿ ಅಂತ ಕೇಳು.”

ರಾತ್ರಿ ಎರಡೂ ಕಡೆಗೆ ಫೋನ್ ಮಾಡಿದೆವು. ಮೊದಲ ಶಾಲೆಯ ಪರವಾಗಿ ಮಾತನಾಡಿದವರಿಗೆ ನಮ್ಮ ಪ್ರಶ್ನೆ ಅಪಶಕುನದಂತೆ ಕೇಳಿಸಿರಬೇಕು. “ನಮ್ಮಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಮುಗಿಸುತ್ತಾರೆ, ನೀವು ಚಿಂತೆ ಮಾಡಬೇಡಿ” ಎಂದರು. ಪರೀಕ್ಷೆಯಲ್ಲಿ ಬಿದ್ದವನ ಪಾಡೇನು ಎಂದರೆ, “ಬೀಳುವುದಿಲ್ಲ” ಎಂದರು. ಈ ವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಇದೆಯೆಂದೂ ಸೇರಿಸಿದರು. ಎರಡನೆಯ ಕಡೆ ಮಾತನಾಡಿದಾಕೆ ಸ್ವತಃ ಶಿಕ್ಷಕಿ. ಆಕೆಯ ಉತ್ತರ ಉದ್ದವಾಗಿತ್ತು, ಅಷ್ಟೇನೂ ಹಿತವಾಗಿರಲಿಲ್ಲ. ಹಲವರು ಒಂಬತ್ತು ತಿಂಗಳಲ್ಲಿ ಮುಗಿಸುವುದಿಲ್ಲ, ಹನ್ನೆರಡು ಎಂದಿಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆಗೆ ಹಾರಾಟ ನಿಲ್ಲುತ್ತದೆ. ಪರೀಕ್ಷಕರ ದಿನ ಸಿಗಲು ಕೆಲವು ಸಲ ವಾರಗಳು ಬೇಕು. ಹೆಚ್ಚಿನ ಗಂಟೆಗೆ ಹೆಚ್ಚಿನ ಹಣ. ಶಿಷ್ಯ ಹವೆಯ ಕಾರಣ ಹೇಳಿ ನಿಲ್ಲಿಸಿದರೆ ದಂಡವಿಲ್ಲ. ನಾವು ಕೇಳದಿದ್ದರೂ, ಹೊರಟು ಅರ್ಧದಿಂದ ಹಿಂತಿರುಗಿದರೆ ಹಾರಿದ ಸಮಯದ ಹಣ ಕೊಡಲೇಬೇಕೆಂದು ಕೊನೆಗೆ ಹೇಳಿದಳು.

“ಈ ಶಾಲೆ ದುಬಾರಿ ಮಾವ” ಎಂದ ಹುಡುಗ.

“ಹೌದು. ಆದರೆ ಲೆಕ್ಕ ಹೇಳಿದರು.”

ಸಹಿ ಹಾಕಲು ನಾನು ಒಂದು ಕರಾರು ಇಟ್ಟೆ. ಸಾಲದ ಹಣವಲ್ಲದೆ ಆರು ಲಕ್ಷವನ್ನು ನನ್ನ ಠೇವಣಿಯಿಂದ ತೆಗೆದು ಬೇರೆ ಖಾತೆಯಲ್ಲಿಡುವುದು. ಅದು ತಡಕ್ಕೆ ಮಾತ್ರ. ಬೇಗಕ್ಕಾಗಿ ಎಪ್ಪತ್ತು ಲಕ್ಷ ಸುರಿಯುವವರು ತಡಕ್ಕೂ ಒಂದಿಷ್ಟು ತೆಗೆದಿಡಬೇಡವೆ? ಅಕ್ಕನಿಗೆ ಇದು ಒಗಟಿನಂತೆ ಕಂಡಿತು. ಶುಭಕಾರ್ಯಕ್ಕೆ ಹೊರಟಾಗ ಸೋಲಿಗೆ ದುಡ್ಡಿಡುವವರುಂಟೆ ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಇಷ್ಟು ತೆಗೆದಿಡಲಾರದ ಮನೆಗಳ ಹುಡುಗರೂ ಪೈಲಟ್ ಆಗಲು ಹೋಗುತ್ತಾರೆ. ಅವರ ಬೇಡ ಎಂಬ ಮಾತಿಗೆ ಯಾರು ಹಣ ಕಟ್ಟಬೇಕೆಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಸಾಲ ಕೊಡುವ ಬ್ಯಾಂಕುಗಳಾದರೂ ಯೋಚಿಸಬಹುದಾಗಿತ್ತು.

ಹುಡುಗ ಹೋಗಿ ಈಗ ಆರು ತಿಂಗಳಾಯಿತು. ಮೊದಲ ಸಲ ಶಿಕ್ಷಕಿ ಇಳಿದುಹೋಗಿ ಅವನೊಬ್ಬನನ್ನೇ ಬಿಟ್ಟ ದಿನ, ಅಲ್ಲಿಯ ಸಂಪ್ರದಾಯದಂತೆ ಅವನ ಅಂಗಿಯ ಹಿಂಭಾಗವನ್ನು ಕತ್ತರಿಸಿ ಗೋಡೆಗೆ ತೂಗುಹಾಕಿದರಂತೆ. ಒಳ್ಳೆಯ ಅಂಗಿ ಹಾಳುಮಾಡಿದರಲ್ಲ ಎಂದು ಅಕ್ಕ ಪೇಚಾಡಿದಳು. ಕಳೆದ ವಾರ ಅವನಿಂದ ಇನ್ನೊಂದು ಸುದ್ದಿ ಬಂತು. ಒಬ್ಬನೇ ದೂರದ ಊರಿಗೆ ಹೊರಟಿದ್ದನಂತೆ. ಅರ್ಧ ದಾರಿಯಲ್ಲಿ ಮುಂದೆ ಮೋಡ ಕಟ್ಟುವುದನ್ನು ಕಂಡು ತಿರುಗಿ ಬಂದನಂತೆ. ಊರು ಮುಟ್ಟಲಿಲ್ಲ, ಆ ಹಾರಾಟವನ್ನು ಮತ್ತೆ ಮಾಡಬೇಕು. ಎರಡು ಗಂಟೆಯ ಹಣ ಹೋಯಿತು.

ಅಕ್ಕ ಫೋನಿನಲ್ಲಿ ಸಂಕಟಪಟ್ಟಳು. “ಇನ್ನೆಷ್ಟು ಸಲ ಹೀಗೆ ವಾಪಸು ಬರ್ತಾನೋ ಏನೋ!”

ನಾನು ಖಾತೆಯ ಪುಸ್ತಕ ತೆಗೆದು ನೋಡಿ, “ಇನ್ನು ಹತ್ತು ಸಲ ಬಂದರೂ ಆಗುವಷ್ಟಿದೆ” ಎಂದೆ.